ಆಕಾಶದ ಗಾಳಿ ತರಿಸಿದ ಮಾಸ್ತರು

ನಮ್ಮ ವಿಜ್ಞಾನದ ಮಾಸ್ತರು ಹೋದ ತಿಂಗಳು ನಿವೃತ್ತರಾದರು. ಹಾನಗಲ್ಲ ಹೈಸ್ಕೂಲಿನ ಅಂಗಳದಲ್ಲಿ ಬೀಳ್ಕೊಡುವ ಸಭೆ. ಮಾತಾಡಿದವರೆಲ್ಲ ಅವರನ್ನು ಹೊಗಳಿದರು, ಅವರು ಕುರ್ಚಿಯಲ್ಲಿ ಕುಳಿತೇ ಹೊಗಳಿದವರನ್ನೆಲ್ಲ ತಿದ್ದಿದರು. ಒಬ್ಬರು "ನಾಲ್ಕು ದಶಕಗಳ ಸುದೀರ್ಘ ಸೇವೆ" ಎಂದು ಶುರು ಮಾಡಿದ್ದೇ ತಡ, ಚೆಂಡುಹೂವಿನ ಹಾರದೊಳಗಿಂದ ದನಿ ಬಂತು: "ಮೂವತ್ತೊಂದು ವರ್ಷ ಏಳು ತಿಂಗಳು." ಇನ್ನೊಬ್ಬರು "ಸಾವಿರಾರು ಶಿಷ್ಯರು" ಎಂದರು. "ಹಾಜರಿ ಪುಸ್ತಕ ಅದಾವ, ತರಸ್ರಿ, ನೋಡೋಣ." ಹೊಗಳಿಸಿಕೊಳ್ಳುವುದಕ್ಕೂ ಒಂದು ರೀತಿ ಇದೆ. ತಲೆ ತಗ್ಗಿಸಿ, ಅರ್ಧ ಕಣ್ಣು ಮುಚ್ಚಿ, ಸುಳ್ಳನ್ನೆಲ್ಲ ಪ್ರಸಾದದ ಹಾಗೆ ಸ್ವೀಕರಿಸಬೇಕು. ಅದು ಅವರಿಗೆ ಕೊನೆಗೂ ಬರಲಿಲ್ಲ.

ಆಮೇಲೆ ನನ್ನನ್ನು ಎಬ್ಬಿಸಿದರು. ನನಗೆ ಬರುವ ವಿದ್ಯೆ ಒಂದೇ, ಅಣಕಿಸುವುದು. ಶಿಗ್ಗಾವಿ ಬಸ್ಸಿನ ಕಂಡಕ್ಟರ್, ಸವಣೂರಿನ ಎಲೆ ಮಾರುವವ, ಹಿರೇಕೆರೂರಿನ ಕಚೇರಿಯ ಕಾರಕೂನ, ಎಲ್ಲರೂ ನನ್ನ ಗಂಟಲಲ್ಲಿ ಬಾಡಿಗೆಗಿದ್ದಾರೆ. ನನ್ನ ಸ್ವಂತ ದನಿ ಹೇಗಿತ್ತೆಂದು ನಮ್ಮ ಅವ್ವನಿಗೂ ನೆನಪಿಲ್ಲ. ಸರ್ ಅವರನ್ನು ಅಣಕಿಸುವುದಂತೂ ಎಲ್ಲಕ್ಕಿಂತ ಸುಲಭ. ಮೂಗು ಅರ್ಧ ಹಿಡಿದುಕೊಳ್ಳಿ. ಕುತ್ತಿಗೆಯನ್ನು ಕೊಕ್ಕರೆಯ ಹಾಗೆ ಮುಂದೆ ಚಾಚಿ. ಎದುರಿನವರು ಏನೇ ಹೇಳಲಿ, "ಎಷ್ಟು?" ಎಂದು ಕೇಳಿ. ಮುಗಿಯಿತು, ನೀವು ಸರ್ ಆದಿರಿ. ಸಭೆಯಲ್ಲಿ ಹಾಗೇ ಮಾಡಿದೆ, ಜನ ಬಿದ್ದು ಬಿದ್ದು ನಕ್ಕರು. ಅವರೊಬ್ಬರೇ ನಗದೆ, "ಮೂಗು ಬರೋಬ್ಬರಿ ಆತು. ಕುತ್ತಿಗಿ ಹೆಚ್ಚಾತು" ಎಂದರು.

ಅವರ ಹೆಸರು ಇಲ್ಲಿ ಬರೆಯುವುದಿಲ್ಲ. ಬರೆದರೆ ಇದನ್ನು ಓದಿ, ಎಲ್ಲೆಲ್ಲಿ ಉತ್ಪ್ರೇಕ್ಷೆ ಮಾಡಿದ್ದೇನೆಂದು ಸಾಲುಸಾಲಾಗಿ ಕಾರ್ಡು ಬರೆಯುತ್ತಾರೆ. ಬರೆಯದಿದ್ದರೂ ಬರೆಯುತ್ತಾರೆ, ಆದರೆ ಆಗ ನಾನು "ಅದು ನೀವಲ್ಲರಿ" ಎನ್ನಬಹುದು.

ಅವರ ಅಂಗಿಯ ಕಿಸೆಯಲ್ಲಿ ಪೆನ್ನಿನ ಪಕ್ಕ ಒಂದು ಉಷ್ಣಮಾಪಕ ಇರುತ್ತಿತ್ತು. ಚಾದಂಗಡಿಯಲ್ಲಿ ಕಪ್ಪು ಮುಂದೆ ಬಂದರೆ ಮೊದಲು ಅದನ್ನು ಅದ್ದಿ ನೋಡಿ, ಆಮೇಲೆ ಕುಡಿಯುವುದು. ಅಷ್ಟರಲ್ಲಿ ಚಹಾ ಆರುತ್ತಿತ್ತು. "ಆರೇತಿ ನೋಡು" ಎಂದು ಅಂಗಡಿಯವನನ್ನೇ ಬೈಯುತ್ತಿದ್ದರು. ಬಸ್‌ಸ್ಟ್ಯಾಂಡಿನಲ್ಲಿ ಅವರ ಜೊತೆ ನಿಲ್ಲುವುದು ಒಂದು ಶಿಕ್ಷೆ.

"ಶಿಗ್ಗಾವಿ ಗಾಡಿ ಯಾವಾಗ ಬರ್ತೈತೋ?"

"ಇನ್ನೇನ ಬಂತ್ರಿ ಸರ್," ಎನ್ನುವನು ಅಲ್ಲಿನ ಹಮಾಲ.

"ಇನ್ನೇನ ಅಂದ್ರ ಎಷ್ಟು?"

"ಇನ್ನೇನ ಅಂದ್ರ ಇನ್ನೇನರಿ. ಬಂದ್ರ ಬಂತು."

ಗಾಡಿ ಬಂದ ಮೇಲೆ ಆ ಹಮಾಲನನ್ನು ಹುಡುಕಿ ಹೋಗಿ, "ನಿನ್ನ ಇನ್ನೇನಕ್ಕ ನಲವತ್ತೆರಡು ನಿಮಿಷ" ಎಂದು ಹೇಳಿ ಬರುತ್ತಿದ್ದರು. ಒಮ್ಮೆ ಅದನ್ನು ಹೇಳಲು ಹೋಗಿ ಗಾಡಿಯನ್ನೇ ತಪ್ಪಿಸಿಕೊಂಡರು. ನಮ್ಮ ಓಣಿಯ ಅಜ್ಜ ತೀರಿಕೊಂಡಾಗ ಮಾತಾಡಿಸಲು ಬಂದು, "ನೂರು ತುಂಬಿದ್ದುವು" ಎಂದು ಅಳುತ್ತಿದ್ದ ಹಿರಿಯ ಮಗನಿಗೆ, "ನೀ ಐವತ್ತರಾಂವ, ನಿಮ್ಮಪ್ಪ ನೂರರಾಂವ ಹೆಂಗಾಗ್ತಾನ, ಲೆಕ್ಕ ಹಚ್ಚು" ಎಂದಿದ್ದರು. ಮಗ ಅಳುವುದನ್ನು ನಿಲ್ಲಿಸಿ ಲೆಕ್ಕ ಹಚ್ಚಿದ. ಸಮಾಧಾನ ಹೇಳುವ ಇಂಥ ಪದ್ಧತಿಯೂ ಇದೆ ಎಂದು ಅಂದು ಗೊತ್ತಾಯಿತು.

ಇಂಥವರಿಗೆ ಜಗತ್ತಿನಲ್ಲಿ ಒಂದೇ ಆಸ್ತಿ. ಹೈಸ್ಕೂಲಿನ ಹಿಂದಿದ್ದ ಹಂಚಿನ ಖೋಲಿ, ನಮ್ಮ ಪ್ರಯೋಗಾಲಯ. ಅದರಲ್ಲಿ ಒಂದು ತಕ್ಕಡಿ, ಗಾಳಿ ಜಗ್ಗುವ ಒಂದು ಕೈಪಂಪು, ಒಂದಿಷ್ಟು ಬಾಟ್ಲಿ, ನಳಿಕೆ. ದಿನಾ ಮುಂಜಾನೆ ತಾವೇ ಕಸ ಗುಡಿಸಿ ಬೀಗ ತೆಗೆಯುತ್ತಿದ್ದರು. ನಾವು ಒಂಬತ್ತನೆಯ ಇಯತ್ತೆಯಲ್ಲಿದ್ದಾಗ ಶಿಕ್ಷಣ ಖಾತೆಯ ಸಾಹೇಬರು ತಪಾಸಣೆಗೆ ಬಂದರು. ಅದು ಎಲ್ಲ ಶಾಲೆಗಳಲ್ಲಿ ನೂಲುವ ತಕಲಿ ತಿರುಗುತ್ತಿದ್ದ ಕಾಲ. ಸಾಹೇಬರಿಗೆ ನೂಲು ಎಂದರೆ ಪ್ರಾಣ. ಖೋಲಿಯನ್ನೆಲ್ಲ ನೋಡಿ ಕೇಳಿದರು, "ಈ ಬಾಟ್ಲಿಯಿಂದ ಹುಡುಗರು ಏನು ಉತ್ಪನ್ನ ಮಾಡ್ತಾರ?"

"ಸಂಶಯ ಮಾಡ್ತಾರ್ರಿ," ಎಂದರು ಸರ್.

ಸಾಹೇಬರು ನಗಲಿಲ್ಲ. ಭೆಟ್ಟಿ ಪುಸ್ತಕದಲ್ಲಿ ಬರೆದರು: ಬರುವ ವರ್ಷದೊಳಗೆ ಕಣ್ಣಿಗೆ ಕಾಣುವ ಕೆಲಸವೇನೂ ಇಲ್ಲಿ ಆಗದಿದ್ದರೆ ಈ ಖೋಲಿಯನ್ನು ನೂಲುವ ತರಗತಿಗೆ ಬಿಟ್ಟುಕೊಡತಕ್ಕದ್ದು. ಹೆಡ್‌ಮಾಸ್ತರರ ಮುಖ ಬಿಳುಚಿತು. ಸರ್ ಮಾತ್ರ ಕುತ್ತಿಗೆ ಚಾಚಿ, "ಆಗಲ್ರಿ. ಬರೂ ವರ್ಷ ಆಕಾಶದ ಗಾಳಿ ತರಿಸಿ ತೋರಸ್ತೇನಿ" ಎಂದುಬಿಟ್ಟರು.

ಇದು ಆ ಗಳಿಗೆಯ ಜಂಬವಲ್ಲ. ಗಾಳಿಯಲ್ಲಿ ಇಂಗಾಲಾಮ್ಲ, ಅಂದರೆ ಈಗಿನವರ ಕಾರ್ಬನ್ ಡೈಆಕ್ಸೈಡ್, ಇಂತಿಷ್ಟು ಎಂದು ನಮ್ಮ ಪಠ್ಯಪುಸ್ತಕದಲ್ಲಿ ಒಂದು ಸಾಲಿತ್ತು. ಆ ಸಾಲು ಅವರ ಕಣ್ಣಲ್ಲಿ ಕಸ ಬಿದ್ದಹಾಗೆ ಬಿದ್ದಿತ್ತು. "ಯಾರು ನೋಡ್ಯಾರ? ಎಲ್ಲಿ ನೋಡ್ಯಾರ? ಹಾನಗಲ್ಲ ಮ್ಯಾಲಿನ ಗಾಳಿ ಯಾರರ ಹತ್ತಿ ಹೋಗಿ ನೋಡ್ಯಾರೇನು?" ಯಾರೂ ನೋಡಿರಲಿಲ್ಲ. ಹಾನಗಲ್ಲ ಕೆಳಗಿನ ಗಾಳಿಯನ್ನೇ ಯಾರೂ ನೋಡಿರಲಿಲ್ಲ.

ಪುಣೆಯ ಕಡೆ ಹವಾಮಾನದ ಆಫೀಸಿನಲ್ಲಿದ್ದ ಅವರ ಷಡ್ಡಕ, ಅವಧಿ ಮೀರಿದ ಮೂರು ರಬ್ಬರು ಬಲೂನು ಕಳಿಸಿಕೊಟ್ಟರು. ಅವನ್ನು ತುಂಬಿಸಲು ಜಲಜನಕ ಬೇಕು. ಅಲ್ಯೂಮಿನಿಯಮ್ಮನ್ನು ಕಾಸ್ಟಿಕ್ ಸೋಡಾದಲ್ಲಿ ಹಾಕಿದರೆ ಜಲಜನಕ ಬರುತ್ತದೆ. ನಮ್ಮ ಕಡೆ ಅಲ್ಯೂಮಿನಿಯಮ್ಮಿನ ಪಾತ್ರೆಗೆ ಜರ್ಮನ್ ಪಾತ್ರೆ ಎನ್ನುತ್ತಾರೆ. "ಮನ್ಯಾಗ ಒಡದ ಜರ್ಮನ್ ಪಾತ್ರಿ ಇದ್ರ ತರ್ರಿ" ಎಂದು ಸರ್ ಅಪ್ಪಣೆ ಮಾಡಿದರು. ನಮ್ಮ ಮನೆಯಲ್ಲಿ ಒಡೆದದ್ದು ಇರಲಿಲ್ಲ. ಹೀಗಾಗಿ ಒಳ್ಳೆಯದನ್ನೇ ಎತ್ತಿಕೊಂಡು ಹೋಗಿ ದಾರಿಯಲ್ಲಿ ಕಲ್ಲಿನಿಂದ ಜಜ್ಜಿದೆ. ವಿಜ್ಞಾನದ ಮೇಲಿನ ಪ್ರೀತಿಯಿಂದ ಎಂದು ತಿಳಿಯಬೇಡಿ. ನನ್ನ ತಕಲಿಯ ನೂಲು ಗೇಣಿಗೊಮ್ಮೆ ಹರಿಯುತ್ತಿತ್ತು. ಆ ಖೋಲಿ ನೂಲಿಗೆ ಹೋದರೆ ವಾರದ ತಾಸುಗಳು ಹೆಚ್ಚಾಗುತ್ತವೆಂಬ ಭಯ, ಅಷ್ಟೆ.

ಗಾಳಿ ಹಿಡಿಯುವ ಉಪಾಯ ಹೀಗಿತ್ತು. ಗಟ್ಟಿ ಗಾಜಿನ ಬಾಟ್ಲಿಗೆ ರಬ್ಬರು ಬೂಚು, ಬೂಚಿನಲ್ಲಿ ರಬ್ಬರು ನಳಿಕೆ. ಕೈಪಂಪಿನಿಂದ ಒಳಗಿನ ಗಾಳಿಯನ್ನೆಲ್ಲ ಜಗ್ಗಿ ನಳಿಕೆಗೆ ಒಂದು ಚಿಮಟಿ ಹಾಕುವುದು, ಇನ್ನೊಂದನ್ನು ತೆರೆದಿಡುವುದು. ಪಕ್ಕದಲ್ಲಿ ಅಲಾರಾಂ ಗಡಿಯಾರ. ಬಲೂನು ಮೇಲೆ ಹೋದ ಮೇಲೆ ಅಲಾರಾಂ ಹೊಡೆಯುತ್ತದೆ, ಅದರ ಕೀಲಿ ತಿರುಗಿ ದಾರ ಸುತ್ತುತ್ತದೆ, ದಾರ ಒಂದು ಚಿಮಟಿ ಬಿಚ್ಚುತ್ತದೆ, ಗಾಳಿ ಒಳಗೆ ನುಗ್ಗುತ್ತದೆ, ದಾರ ಇನ್ನೂ ಸುತ್ತಿ ಎರಡನೆಯ ಚಿಮಟಿ ಮುಚ್ಚುತ್ತದೆ. ಬಲೂನು ಒಡೆದರೆ ಬುಟ್ಟಿ ಮೆಲ್ಲಗೆ ಇಳಿಯಲೆಂದು ಸರ್ ಅವರ ಹಳೆಯ ಧೋತರದ ಛತ್ರಿ. ಬುಟ್ಟಿಗೊಂದು ಚೀಟಿ: "ಸಿಕ್ಕವರು ದಯಮಾಡಿ ಈ ಬಾಟ್ಲಿಯನ್ನು ಹಾನಗಲ್ಲ ಹೈಸ್ಕೂಲಿಗೆ ಮುಟ್ಟಿಸಬೇಕು. ಒಳಗೆ ಅಪಾಯದ ವಸ್ತು ಏನೂ ಇಲ್ಲ."

"ಬೂಚು ತಗೀಬ್ಯಾಡ್ರಿ ಅಂತನೂ ಬರೀರಿ ಸರ್," ಎಂದೆ.

"ಏನೂ ಇಲ್ಲ ಅಂತ ಬರದ ಮ್ಯಾಲ ಯಾಂವ ತಗೀತಾನಲೇ?"

ಜನ್ಮದಲ್ಲಿ ಅಳೆಯದೆ ತೂಗದೆ ಅವರು ಆಡಿದ ಮಾತು ಅದೊಂದೇ.

ಮೊದಲನೆಯ ಬಲೂನು ಹಾರಲಿಲ್ಲ. ಹಳೆಯ ರಬ್ಬರು ಮೆತ್ತಗಾಗಲೆಂದು ಬಿಸಿನೀರಿನಲ್ಲಿ ಅದ್ದಬೇಕಿತ್ತು. ನೀರು ಎಷ್ಟು ಬಿಸಿ ಇರಬೇಕೆಂದು ಸರ್ ಉಷ್ಣಮಾಪಕ ಕೊಟ್ಟು ಹೇಳಿದ್ದರು. ನಾವು ಉಷ್ಣಮಾಪಕವನ್ನೂ ಬಲೂನನ್ನೂ ಒಟ್ಟಿಗೇ ಕುದಿಯುವ ಹಂಡೆಗೆ ಹಾಕಿದೆವು. ಎರಡನೆಯದು ಹಾರಿತು. ಹಾರುವ ಹೊತ್ತಿಗೆ ಸರಿಯಾಗಿ ನಮ್ಮ ಅವ್ವ ಪಾತ್ರೆ ಹುಡುಕಿಕೊಂಡು ಶಾಲೆಗೆ ಬಂದಳು.

"ಮಾಸ್ತರ್ರ, ನನ್ನ ಅನ್ನದ ಬೋಗುಣಿ ಎಲ್ಲೈತ್ರಿ?"

ಸರ್ ಮುಗಿಲಿನತ್ತ ಬೆರಳು ಮಾಡಿದರು. "ಅಗಾ, ಅಲ್ಲಿ ಹೊಂಟೈತಿ ನೋಡವಾ."

ಅವ್ವ ಬಹಳ ಹೊತ್ತು ನೋಡಿದಳು. "ಇಳದ ಮ್ಯಾಲ ಕೊಟ್ಟು ಕಳಸ್ರಿ," ಎಂದು ಹೋದಳು.

ಅದು ಶಿಗ್ಗಾವಿ ತಾಲೂಕಿನ ತಡಸದಲ್ಲಿ ಇಳಿಯಿತು. ಎಂಟು ದಿನಕ್ಕೆ ಅಲ್ಲಿಂದ ಕಾರ್ಡು ಬಂತು: "ನಿಮ್ಮ ಬಾಟ್ಲಿ ಬಂಡೆಗೆ ಬಡಿದು ಒಡೆದಿದೆ. ಧೋತರ ಮೊದಲೇ ಹರಿದಿತ್ತು. ಗಡಿಯಾರ ಸುರಳೀತ ನಡೆಯುತ್ತಿದೆ, ಚಿಂತೆ ಮಾಡಬಾರದು. ನಮ್ಮೂರಿಗೆ ಅದರ ಅನುಕೂಲ ಬಹಳ ಆಗಿದೆ." ಗಡಿಯಾರ ಹೆಡ್‌ಮಾಸ್ತರರದು. ಬಲೂನು ಹಾರಿದ ಮರುದಿನದಿಂದಲೇ ಅವರು ಶಾಲೆಗೆ ತಡವಾಗಿ ಬರತೊಡಗಿದ್ದರು, ಕಾರಣ ಕೇಳುವ ಧೈರ್ಯ ಸರ್ ಅವರಿಗೂ ಆಗಲಿಲ್ಲ.

ಮೂರನೆಯದಕ್ಕೆ ಗಡಿಯಾರ ತರಲು ಸರ್ ಸವಣೂರಿನ ಮಾವನ ಮನೆಗೆ ಹೋದರು. ಮಾವ ಎಲೆ ತೋಟದ ಯಜಮಾನರು, ಬಾಯಿಯಲ್ಲಿ ಎಲೆಯಡಿಕೆ ಇಲ್ಲದ ಹೊತ್ತಿಲ್ಲ. ಅಳಿಯ ವರ್ಷಗಟ್ಟಲೆ ಆದ ಮೇಲೆ ಏನೋ ಒಂದನ್ನು ಬಾಯಿ ಬಿಟ್ಟು ಕೇಳಿದ ಎಂದು ಗೋಡೆಯ ಮಾಡದಲ್ಲಿದ್ದ ಅಲಾರಾಂ ಗಡಿಯಾರ ಕೊಟ್ಟರು. ಜೊತೆಗೆ ಸುಣ್ಣದ ಗಡಿಗೆಯನ್ನೂ ಕೊಟ್ಟರು. ಇಂಗಾಲಾಮ್ಲ ಕೂಡಿದರೆ ಸುಣ್ಣದ ತಿಳಿನೀರು ಬೆಳ್ಳಗಾಗುತ್ತದೆ. ಆ ಪರೀಕ್ಷೆಗೆ ಸವಣೂರಿನ ಸುಣ್ಣಕ್ಕಿಂತ ಶುದ್ಧವಾದದ್ದು ಎಲ್ಲಿದೆ?

ಸಾಹೇಬರ ತಪಾಸಣೆಗೆ ನಾಲ್ಕು ದಿನ ಇದ್ದಾಗ ಕೊನೆಯ ಬಲೂನು ಬಿಟ್ಟೆವು. ಅದು ನೆಟ್ಟಗೆ ಏರಿತು, ದಕ್ಷಿಣಕ್ಕೆ ವಾಲಿತು, ಸಾಸಿವೆಯಾಗಿ ಮಾಯವಾಯಿತು. ಸರ್ ಖಾಲಿ ಮುಗಿಲನ್ನು ನೋಡುತ್ತಲೇ ನಿಂತರು. ಮೊದಲ ದಿನ ಬಾಟ್ಲಿ ಬರಲಿಲ್ಲ. ಎರಡನೆಯ ದಿನವೂ ಇಲ್ಲ. ಮೂರನೆಯ ದಿನ ಅವರು ಪ್ರಯೋಗಾಲಯದ ಕಸವನ್ನು ಎರಡು ಸಲ ಗುಡಿಸಿದರು.

ನಾಲ್ಕನೆಯ ದಿನ ಸಾಹೇಬರು ಬಂದರು. ಮೊದಲು ಸರ್ ಅವರ ಪಾಠ ನೋಡಲು ಎಂಟನೆಯ ಇಯತ್ತೆಯಲ್ಲಿ ಕುಳಿತರು. ಬಾಟ್ಲಿಯ ದಾರಿ ಕಾಯಲು ಸರ್ ನನ್ನನ್ನು ಗೇಟಿನಲ್ಲಿ ನಿಲ್ಲಿಸಿದ್ದರು. ಅಷ್ಟರಲ್ಲಿ ಹಿರೇಕೆರೂರ ಕಡೆಯ ಬಸ್ಸಿನಿಂದ ಇಳಿದ ಒಬ್ಬ ಹೆಣ್ಣುಮಗಳು, ಬುಟ್ಟಿ ಹೊತ್ತು ನೇರ ಒಳಗೆ ಬಂದಳು. ನಡುವಯಸ್ಸಿನ ರೈತ ಹೆಂಗಸು. ಹೆಡ್‌ಮಾಸ್ತರರೂ ಹೊರಗೆ ಬಂದರು.

"ಇದ ಹೌದಲ್ರಿ ಹಾನಗಲ್ಲ ಸಾಲಿ? ಚಿಕ್ಕೇರೂರಿಂದ ಬಂದೇನ್ರಿ. ನಿಮ್ಮ ಬಾಟ್ಲಿ ನಮ್ಮ ಹೊಲದಾಗ ಬಿದ್ದಿತ್ತು. ಗಡಿಯಾರ ಐತಿ, ಧೋತರ ಒಗದು ತಂದೇನಿ."

ಬಾಟ್ಲಿ ಹೊರಗೆ ತೆಗೆದಳು. ಒಂದು ಬಿರುಕೂ ಇಲ್ಲ. ಆದರೆ ತಳದಲ್ಲಿ ನಾಲ್ಕು ಬೆರಳು ಏನೋ ಹಳದಿಯಾಗಿ ಹೆಪ್ಪುಗಟ್ಟಿತ್ತು.

"ಇದರಾಗ ಏನೈತವಾ?" ಹೆಡ್‌ಮಾಸ್ತರರ ಪ್ರಶ್ನೆ.

"ತುಪ್ಪರಿ. ನಮ್ಮ ಎಮ್ಮಿದ. ಒಳಗ ಏನೂ ಇಲ್ಲ ಅಂತ ಚೀಟ್ಯಾಗ ಬರದೈತಿ ಅಂತ ನನ್ನ ಮಗ ಓದಿದ. ಸಾಲಿಗೆ ಬರೇ ಬಾಟ್ಲಿ ತಂದು ಕೊಡೂದು ಚೊಲೊ ಕಾಣತೈತೇನ್ರಿ? ಮಂದಿ ಏನಂದಾರು?"

ಅವಳದೇನು ತಪ್ಪು? ಮಂದಿಯ ಪಾತ್ರೆ ಖಾಲಿ ಮರಳಿಸುವ ಪದ್ಧತಿ ನಮ್ಮಲ್ಲಿಲ್ಲ. ಏನಿಲ್ಲದಿದ್ದರೆ ತಳಕ್ಕೆ ಒಂದು ಚಿಟಿಕೆ ಸಕ್ಕರೆಯಾದರೂ ಹಾಕಿ ಕೊಡುತ್ತಾರೆ. ನಮ್ಮ ಅವ್ವನಿದ್ದರೂ ಅದನ್ನೇ ಮಾಡುತ್ತಿದ್ದಳು. ನಮ್ಮ ಮಂದಿಯ ಮೂಢನಂಬಿಕೆ ವಿಜ್ಞಾನಕ್ಕೆ ಅಡ್ಡಿ ಎಂದು ಸರ್ ಯಾವಾಗಲೂ ಭಾಷಣ ಮಾಡುತ್ತಿದ್ದರು. ಅಡ್ಡಿ ಬಂದದ್ದು ಮರ್ಯಾದೆ.

ಹೆಡ್‌ಮಾಸ್ತರರು ಅವಳನ್ನು ಕಟ್ಟೆಯ ಮೇಲೆ ಕೂಡಿಸಿ, ಮಜ್ಜಿಗೆ ತರಿಸುತ್ತೇನೆಂದು ಹೇಳಿ, ನನ್ನ ಕಿವಿ ಹಿಡಿದು ಒಳಗೆ ಒಯ್ದರು. "ಸರ್ ಅವ್ರಿಗೆ ಒಂದು ಮಾತು ಹೇಳಿದಿ ಅಂದ್ರ ನೋಡು. ಗಾಳಿ ಅಂದ್ರ ಗಾಳಿನ. ನಮ್ಮ ಗಾಳಿಗೇನು ಹುಳ ಹತ್ಯಾವೇನು? ತೊಳದು, ಬೂಚು ಜಡದು, ಮೇಜಿನ ಮ್ಯಾಲ ಇಡು. ಖೋಲಿ ಉಳೀಬೇಕೋ ಬ್ಯಾಡೋ?" ಹೀಗೆ ಹೇಳುತ್ತಲೇ ತುಪ್ಪವನ್ನು ತಮ್ಮ ಬುತ್ತಿ ಡಬ್ಬಿಗೆ ಬಗ್ಗಿಸಿಕೊಂಡರು.

ಚಾದಂಗಡಿಯ ಬಿಸಿನೀರು, ಬೂದಿ, ಸೀಗೆಪುಡಿ ಹಾಕಿ ತೊಳೆದೆ. ತುಪ್ಪ ಹೋಯಿತು, ಹಸಿ ಉಳಿಯಿತು. ಒಳಗೆ ನೀರಿನ ಹನಿ ಕಂಡರೆ ಸರ್ ಹಿಡಿಯುತ್ತಾರೆ. ಅದಕ್ಕೆ ನಳಿಕೆ ಇಳಿಬಿಟ್ಟು ಊದಿದೆ. ಕಣ್ಣು ಮೇಲೆ ಹೋಗುವ ತನಕ, ಕೆನ್ನೆ ಬಾತುಕೊಳ್ಳುವ ತನಕ ಊದಿ ಊದಿ ಒಣಗಿಸಿ, ಬೂಚು ಜಡಿದು, ಚಿಮಟಿ ಹಾಕಿದೆ. ನಾವು ಹೊರಗೆ ಬಿಡುವ ಉಸಿರಿನಲ್ಲಿ ಏನಿರುತ್ತದೆ ಎಂಬ ಪಾಠವನ್ನು ಸರ್ ಎರಡು ಸಲ ಮಾಡಿದ್ದರು. ಎರಡೂ ಸಲ ನಾನು ಹಿಂದಿನ ಬೆಂಚಿನಲ್ಲಿ ಅವರ ಮೂಗಿನ ಅಭ್ಯಾಸದಲ್ಲಿದ್ದೆ.

ಬಾಟ್ಲಿ ಬಂದಿದೆ ಎಂದು ಹೇಳಿದಾಗ ಸರ್ ಧೋತರದ ಚುಂಗಿನಿಂದ ಕನ್ನಡಕ ಒರೆಸಿಕೊಂಡರು. ಪ್ರಯೋಗಾಲಯದಲ್ಲಿ ಸಾಹೇಬರು ಮುಂದಿನ ಕುರ್ಚಿಯಲ್ಲಿ, ಹೆಡ್‌ಮಾಸ್ತರರು ಹಿಂದೆ, ನಾವು ಗೋಡೆಗೆ ಆನಿಕೊಂಡು. ಮೇಜಿನ ಮೇಲೆ ಎರಡು ಬಾಟ್ಲಿ. ಒಂದರಲ್ಲಿ ಶಾಲೆಯ ಮೈದಾನದ ಗಾಳಿ, ಇನ್ನೊಂದರಲ್ಲಿ ಆಕಾಶದ್ದು. ಆಕಾಶದ ಬಾಟ್ಲಿಯ ನಳಿಕೆಯನ್ನು ಸುಣ್ಣದ ತಿಳಿಯಲ್ಲಿ ಅದ್ದಿ ಚಿಮಟಿ ಸಡಿಲಿಸಿದರು. ಮೇಲಿನ ಗಾಳಿ ತೆಳುವು, ಆದ್ದರಿಂದ ಬಾಟ್ಲಿ ತಾನಾಗಿಯೇ ತಿಳಿಯನ್ನು ಒಳಗೆ ಎಳೆದುಕೊಳ್ಳಬೇಕು. ಎಳೆಯಲಿಲ್ಲ. ಸರ್ ಅವರ ಹುಬ್ಬುಗಳು ಕೂಡಿದವು. ಅಳತೆ ಮಾಡಿ ಎರಡಕ್ಕೂ ತಿಳಿ ಹೊಯ್ದು ಅಲ್ಲಾಡಿಸಿದರು. ಮೈದಾನದ ಬಾಟ್ಲಿಯಲ್ಲಿ ತಿಳಿ ತುಸು ಮಬ್ಬಾಯಿತು. ಆಕಾಶದ ಬಾಟ್ಲಿಯಲ್ಲಿ ಹಾಲಾಯಿತು.

"ಶಾಭಾಸ್," ಎಂದರು ಸಾಹೇಬರು. "ಇದಕ್ಕ ಅಂತಾರ ಕಣ್ಣಿಗೆ ಕಾಣೂ ಕೆಲಸ. ನಮ್ಮ ಗಾಳಿಗಿಂತ ಮ್ಯಾಲಿನ ಗಾಳಿ ಎಷ್ಟು ಕಸುವಿಂದು ನೋಡ್ರಿ. ಹೆಡ್‌ಮಾಸ್ತರ, ಈ ಖೋಲಿ ಇರಲಿ." ಪುಸ್ತಕ ತೆಗೆದು ಪೆನ್ನಿನ ಟೊಪ್ಪಿಗೆ ಬಿಚ್ಚಿದರು. ಹೆಡ್‌ಮಾಸ್ತರರು ನನಗೆ ಕಣ್ಣು ಹೊಡೆದರು.

ಸರ್ ಬೂಚು ತೆಗೆದು ಮೂಗಿಗೆ ಹಿಡಿದರು. ಆ ಮೂಗನ್ನು ನಾನು ಅಷ್ಟು ವರ್ಷ ಅಣಕಿಸಿದ್ದೆ. ಅದು ಕೆಲಸ ಮಾಡುವುದನ್ನು ನೋಡಿದ್ದು ಅಂದೇ. ಗೋಡೆಗೆ ಆನಿದ್ದ ಒಬ್ಬೊಬ್ಬರನ್ನೇ ನೋಡುತ್ತ ಬಂದು ಕಣ್ಣು ನನ್ನ ಬಾತ ಕೆನ್ನೆಯ ಮೇಲೆ ನಿಂತಿತು. ಆಮೇಲೆ ಖೋಲಿಯನ್ನು ನೋಡಿದರು, ತಕ್ಕಡಿ, ಪಂಪು, ಕಪಾಟು. ಸುಮ್ಮನಿದ್ದರೆ ಎಲ್ಲ ಉಳಿಯುತ್ತಿತ್ತು.

"ಸಾಹೇಬ್ರ, ಪೆನ್ನು ಮುಚ್ರಿ."

"ಯಾಕ್ರಿ?"

"ಇದು ಆಕಾಶದ ಗಾಳಿ ಅಲ್ಲ. ಯಾವನೋ ರೊಟ್ಟಿ ಉಳ್ಳಾಗಡ್ಡಿ ತಿಂದು ಊದ್ಯಾನ. ತುಪ್ಪದ ವಾಸನಿನೂ ಐತಿ, ಅದು ಯಾಕಂತ ನನಗ ತಿಳೀವಲ್ದು."

"ಇರಲಿ ಬಿಡ್ರಿ ಸರ್," ಎಂದು ಹೆಡ್‌ಮಾಸ್ತರರು ಅಂಗಿಯ ತೋಳು ಜಗ್ಗಿದರು.

"ಇರಲಿ ಅಂದ್ರ ಹೆಂಗ್ರಿ? ಮ್ಯಾಲ ಇಷ್ಟು ಇಂಗಾಲಾಮ್ಲ ಇದ್ರ ಹಾರೂ ಹದ್ದು ಉಸರ ಕಟ್ಟಿ ನಮ್ಮ ಹಂಚಿನ ಮ್ಯಾಲ ಬೀಳಬೇಕಿತ್ತು. ಬಿದ್ದಾವೇನು?"

ಸಾಹೇಬರು ಬಿಚ್ಚಿದ ಪೆನ್ನಿನಲ್ಲಿಯೇ ಬರೆದರು: ಪ್ರಯೋಗದಲ್ಲಿ ಮೋಸ ನಡೆದುದನ್ನು ಶಿಕ್ಷಕರೇ ಒಪ್ಪಿದ್ದಾರೆ; ಖೋಲಿಯನ್ನು ಕೂಡಲೇ ನೂಲುವ ತರಗತಿಗೆ ಕೊಡತಕ್ಕದ್ದು. ಸುಳ್ಳು ಹೇಳಿದ ನಾವಿಬ್ಬರು ಆ ಷರಾದಲ್ಲಿ ಎಲ್ಲಿಯೂ ಇಲ್ಲ.

ಎಲ್ಲರೂ ಹೋದ ಮೇಲೆ ನಾನು ಅಳುತ್ತ ಎಲ್ಲ ಹೇಳತೊಡಗಿದೆ. ಏಟು ಬೀಳುತ್ತದೆಂದು ಕೈ ಮುಂದೆ ಹಿಡಿದಿದ್ದೆ. ಸರ್ ನನ್ನ ಮಾತನ್ನು ಅರ್ಧಕ್ಕೇ ಬಿಟ್ಟು ಕಟ್ಟೆಯತ್ತ ಓಡಿದರು. ಚಿಕ್ಕೇರೂರಿನವಳು ಇನ್ನೂ ಮಜ್ಜಿಗೆಯ ದಾರಿ ಕಾಯುತ್ತ ಕುಳಿತಿದ್ದಳು.

"ಯವ್ವಾ, ಬೂಚು ತಗದಾಗ ಏನಾತು? ಹಗೂರಕ ನೆನಪು ಮಾಡಿ ಹೇಳು."

ಅವಳು ಗಾಬರಿಯಾದಳು. "ಏನೂ ಇರಲಿಲ್ರಿ ಒಳಗ. ದೇವರಾಣಿ."

"ಅದಲ್ಲವಾ. ಸಪ್ಪಳಾತೇನು?"

"ಬುಸ್ ಅಂತರಿ. ಹಾವನ ಐತಿ ಅಂತ ಅಂಜಿದೆ."

"ಹೊರಗ ಊದಿತೋ, ಒಳಗ ಜಗ್ಗಿತೋ?"

"ಜಗ್ಗಿತರಿ. ಬೂಚು ಕೈಗೆ ಬರವಲ್ದಾಗಿತ್ತು. ಸಂದ್ಯಾಗ ಬೆರಳ ಇಟ್ಟೆ, ಗಪ್ಪನ ಹಿಡಕೊಂತು."

ಸರ್ ಬುಟ್ಟಿಯಲ್ಲಿದ್ದ ಗಡಿಯಾರ ಎತ್ತಿ, ಕೀಲಿಗೆ ದಾರ ಪೂರಾ ಸುತ್ತಿದ್ದನ್ನು ನೋಡಿ, ಕಟ್ಟೆಯ ಮೇಲೆ ಅವಳ ಪಕ್ಕದಲ್ಲೇ ಕುಳಿತರು. "ಅಂದ್ರ ಮ್ಯಾಲ ಹೋಗೇತಿ. ಚಿಮಟಿ ಬಿಚ್ಚೇತಿ, ಮುಚ್ಚೇತಿ. ಆಕಾಶದ ಗಾಳಿ ಚಿಕ್ಕೇರೂರ ಮಟಾ ಬಂದಿತ್ತಲೇ," ಎಂದು ನನ್ನ ಬೆನ್ನಿಗೆ ಒಂದು ಗುದ್ದಿದರು. ಖೋಲಿ ಹೋದದ್ದಕ್ಕೆ ಬೀಳಬೇಕಿದ್ದ ಏಟು ಖುಷಿಗೆ ಬಿತ್ತು. ಆಮೇಲೆ ಆ ಹೆಣ್ಣುಮಗಳಿಗೆ ಕೈ ಮುಗಿದು, ಮಜ್ಜಿಗೆಯನ್ನು ತಾವೇ ತಂದುಕೊಟ್ಟರು. ಏನು ನಡೆಯಿತೆಂದು ಅವಳಿಗೆ ತಿಳಿಯಲೇ ಇಲ್ಲ. "ಮಾಸ್ತರ್ರು ಚೊಲೊ ಅದಾರ, ತುಸು ಹಂಗ," ಎಂದು ನನಗೆ ಮೆಲ್ಲಗೆ ಹೇಳಿ ಬಸ್ಸಿಗೆ ಹೋದಳು.

ಮುಂದಿನ ವಾರ ಆ ಖೋಲಿಗೆ ಚರಕಗಳು ಬಂದವು. ಕಪಾಟು ಪಡಸಾಲೆಗೆ ಬಂತು. ತಕ್ಕಡಿ ಹೆಡ್‌ಮಾಸ್ತರರ ಕೋಣೆಗೆ ಹೋಯಿತು, ಅದರ ಮೇಲೆ ಅವರು ಟಪಾಲು ಇಡತೊಡಗಿದರು. ಸರ್ ಖೋಲಿಯ ಒಂದು ಮೂಲೆಯಲ್ಲಿದ್ದ ಹಳೆಯ ಮೇಜನ್ನು ಮಾತ್ರ ಬಿಟ್ಟುಕೊಡಲಿಲ್ಲ. ಹುಡುಗರು ನೂಲುತ್ತಿರುವಾಗ ಅಲ್ಲಿ ಕುಳಿತು ಬರೆದುಕೊಳ್ಳುತ್ತಿದ್ದರು, ಹತ್ತಿಯ ಎಳೆ ಮೂಗಿಗೆ ಹೋಗಿ ಸೀನುತ್ತಿದ್ದರು. ನನ್ನ ಜೊತೆ ಆ ವಿಷಯ ಎತ್ತಲೇ ಇಲ್ಲ.

ವರ್ಷದ ಕೊನೆಗೆ ಪ್ರಯೋಗದ ವಹಿಗಳನ್ನು ತಿದ್ದಿ ಮರಳಿ ಕೊಟ್ಟರು. ನನ್ನ ವಹಿಯಲ್ಲಿ ನಾನು ಬರೆಯದ ಒಂದು ಪುಟವಿತ್ತು, ಅವರದೇ ಕೆಂಪು ಶಾಯಿಯಲ್ಲಿ.

"ಪ್ರಯೋಗ: ನಾವು ಹೊರಬಿಡುವ ಉಸಿರಿನಲ್ಲಿ ಇಂಗಾಲಾಮ್ಲವಿದೆ ಎಂದು ತೋರಿಸುವುದು. ಸಾಧನಗಳು: ಬಾಟ್ಲಿ, ರಬ್ಬರು ನಳಿಕೆ, ಸುಣ್ಣದ ತಿಳಿ, ಒಬ್ಬ ಶತಮೂರ್ಖ. ಕಂಡದ್ದು: ತಿಳಿ ಹಾಲಿನಂತಾಯಿತು. ಫಲಿತಾಂಶ: ಬರೋಬ್ಬರಿ."

ಕೆಳಗೆ ಸಹಿ, ತಾರೀಖು. ಸಹಿ ಮಾಡಿದ ಸ್ಥಳ ಎಂಬಲ್ಲಿ ರೂಢಿಯಂತೆ "ಪ್ರಯೋಗಾಲಯ" ಎಂದು ಬರೆದಿದ್ದರು. ಆಮೇಲೆ ಅದರ ಮೇಲೆ ಒಂದು ಗೆರೆ ಎಳೆದು, ಪಕ್ಕದಲ್ಲಿ "ನೂಲುವ ಖೋಲಿ" ಎಂದು ತಿದ್ದಿದ್ದರು.